34ರ ಪ್ಯಾಂಟಿಗೆ 34ರ ಬೆಲ್ಟ್ ಏಕೆ ಸಾಲದು?

ಪ್ರಶ್ನೆ: ನಾನು 34ರ ಅಳತೆಯ ಪ್ಯಾಂಟ್ ಹಾಕುತ್ತೇನೆ. ಅದಕ್ಕೆ ತಕ್ಕಂತೆ 34 ಎಂದು ಬರೆದಿದ್ದ ಚರ್ಮದ ಬೆಲ್ಟ್ ತರಿಸಿಕೊಂಡೆ. ತುದಿಯ ಕಡೆಯ ಕೊನೆಯ ತೂತಿಗೆ ಎಳೆದು ಸಿಕ್ಕಿಸಿದರೆ ಹೇಗೋ ಕೂರುತ್ತದೆ, ಆದರೆ ಕುಳಿತುಕೊಂಡಾಗ ಹೊಟ್ಟೆ ಒತ್ತುತ್ತದೆ. ಬೇಸತ್ತು ಬೇರೊಂದು ಕಡೆ 40ರದ್ದನ್ನು ಕೊಂಡೆ. ಅದನ್ನು ಅತ್ಯಂತ ಬಿಗಿಯಾದ ತೂತಿಗೆ ಹಾಕಿದರೂ ಒಂದೂವರೆ ಇಂಚು ಸಡಿಲ, ತುದಿ ಪಕ್ಕೆಯವರೆಗೆ ಹೋಗುತ್ತದೆ. ವರ್ಷಗಳಿಂದ ಹಾಕುತ್ತಿರುವ ಹಳೆಯ ಬೆಲ್ಟನ್ನು ಅಳೆದು ನೋಡಿದರೆ 45 ಇಂಚು ಬರುತ್ತಿದೆ. ಹಾಗಾದರೆ ನನ್ನ ಅಳತೆ ಯಾವುದು?

ಉತ್ತರ: ನೀವು ಕೊಳ್ಳಬೇಕಾದದ್ದು 36. ನಿಮ್ಮ ಸೊಂಟವನ್ನು ಕಣ್ಣಿಂದ ನೋಡದೆಯೂ ಇದನ್ನು ಹೇಳಲು ಸಾಧ್ಯವಾದದ್ದು ನೀವು ಕೊಂಡ ಆ ಎರಡು ತಪ್ಪು ಬೆಲ್ಟುಗಳಿಂದಲೇ. ಅವೆರಡೂ ಸೇರಿ ನಿಮ್ಮ ಅಳತೆಯನ್ನು ಸಾಕಷ್ಟು ನಿಖರವಾಗಿ ತೆಗೆದುಕೊಟ್ಟಿವೆ.

ಮೊದಲು ಬೆಲ್ಟಿನ ಮೇಲಿನ ಅಂಕಿ ಏನನ್ನು ಹೇಳುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. ಅದು ಪಟ್ಟಿಯ ಪೂರ್ತಿ ಉದ್ದವಲ್ಲ, ಪ್ಯಾಂಟಿನ ಅಳತೆಯೂ ಅಲ್ಲ. ಹೆಚ್ಚಿನ ತಯಾರಕರು ಅಳೆಯುವುದು ಚರ್ಮ ಬಕಲ್‌ಗೆ ಸುತ್ತಿಕೊಂಡು ಮಡಚುವ ಜಾಗದಿಂದ ಮಧ್ಯದ ತೂತಿನವರೆಗೆ. ಬಕಲ್ ಲೆಕ್ಕಕ್ಕಿಲ್ಲ, ಮಧ್ಯದ ತೂತಿನಿಂದ ಆಚೆಗಿನ ಬಾಲವೂ ಲೆಕ್ಕಕ್ಕಿಲ್ಲ. ಸಾಮಾನ್ಯವಾಗಿ ಬೆಲ್ಟಿಗೆ ಐದು ತೂತು, ಒಂದಕ್ಕೂ ಇನ್ನೊಂದಕ್ಕೂ ಒಂದು ಇಂಚು ಅಂತರ. ಹಾಗಾಗಿ 34 ಎಂದು ಬರೆದಿರುವ ಬೆಲ್ಟಿನ ತೂತುಗಳು 32, 33, 34, 35, 36 ಇಂಚಿನಲ್ಲಿ ಇರುತ್ತವೆ. 40ರದ್ದರಲ್ಲಿ 38ರಿಂದ 42ರವರೆಗೆ.

ಈಗ ನಿಮ್ಮ ಮಾತಿಗೆ ಬರೋಣ. 34ರ ಬೆಲ್ಟಿನಲ್ಲಿ ನಿಮಗೆ ಸಿಕ್ಕಿದ್ದು ತುದಿಯ ಕಡೆಯ ತೂತು, ಅಂದರೆ 36. ಅದೂ ಬಿಗಿ. 40ರ ಬೆಲ್ಟಿನಲ್ಲಿ ಬಿಗಿಯಾದ ತೂತು 38, ಅಲ್ಲಿ ಒಂದೂವರೆ ಇಂಚು ಸಡಿಲ. 38ರಲ್ಲಿ ಒಂದೂವರೆ ಕಳೆದರೆ 36½. ಒಂದು ಬೆಲ್ಟ್ 36ಕ್ಕಿಂತ ಹೆಚ್ಚು ಬೇಕು ಎನ್ನುತ್ತಿದೆ, ಇನ್ನೊಂದು 36½ ಸಾಕು ಎನ್ನುತ್ತಿದೆ. ಎರಡು ಬೇರೆ ಬೇರೆ ಕಡೆ ಕೊಂಡ ಬೆಲ್ಟುಗಳು ಹೀಗೆ ಒಂದೇ ಮಾತು ಹೇಳುತ್ತಿರುವಾಗ ನಂಬಬಹುದು. ಆದರೂ ಎರಡನ್ನೂ ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ಮಡಿಕೆಯಿಂದ ಮಧ್ಯದ ತೂತಿನವರೆಗೆ ಟೇಪು ಹಿಡಿದು ನೋಡಿ. 34 ಎಂದಿರುವುದು ನಿಜವಾಗಿ 34 ಇದೆಯೇ, 40 ಎಂದಿರುವುದು 40 ಇದೆಯೇ ಎಂಬುದು ಖಚಿತವಾಗುತ್ತದೆ. ಬಕಲ್‌ನ ಹೊರ ಅಂಚಿನಿಂದ ಅಳೆಯುವ ತಯಾರಕರೂ ಇದ್ದಾರೆ, ಪಟ್ಟಿಯ ಒಟ್ಟು ಉದ್ದವನ್ನೇ ಅಳತೆ ಎಂದು ಬರೆಯುವವರೂ ಇದ್ದಾರೆ. ಆದ್ದರಿಂದ ಕೊಳ್ಳುವ ಮೊದಲು ‘ಯಾವ ಅಳತೆ’ ಎಂದು ಕೇಳುವುದಕ್ಕಿಂತ ‘ಎಲ್ಲಿಂದ ಎಲ್ಲಿಗೆ ಅಳೆದಿದ್ದೀರಿ’ ಎಂದು ಕೇಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಿಮ್ಮ ಹಳೆಯ ಬೆಲ್ಟಿನ 45 ಇಂಚಿನ ಗೊಂದಲವೂ ಇಲ್ಲಿಯೇ ಬಗೆಹರಿಯುತ್ತದೆ. ನೀವು ಬಕಲ್‌ನ ಅಂಚಿನಿಂದ ತುದಿಯವರೆಗೆ ಅಳೆದಿದ್ದೀರಿ ಎಂದುಕೊಳ್ಳುತ್ತೇನೆ. ಬಕಲ್ ಸುಮಾರು ಎರಡು ಇಂಚು, ಮಧ್ಯದ ತೂತಿನಿಂದ ತುದಿಗೆ ಸುಮಾರು ಆರೂವರೆ ಇಂಚು. ಅವೆರಡನ್ನು ಕಳೆಯಿರಿ, ಉಳಿಯುವುದು 36½.

ಆ ಹಳೆಯ ಬೆಲ್ಟ್ ನಿಮ್ಮ ಬಳಿ ಇರುವ ಅತ್ಯುತ್ತಮ ಅಳತೆಗೋಲು. ಚರ್ಮದ ಕೆಲಸದಲ್ಲಿ ಇಷ್ಟು ಕಾಲ ಕಳೆದ ಮೇಲೂ ಯಾರಾದರೂ ಬೆಲ್ಟಿನ ಅಳತೆ ಕೇಳಿದರೆ ನಾನು ಮೊದಲು ಟೇಪು ತೆಗೆಯುವುದಿಲ್ಲ, ಅವರು ಹಾಕಿಕೊಂಡಿರುವುದನ್ನು ಬಿಚ್ಚಿಕೊಡಲು ಕೇಳುತ್ತೇನೆ. ಅದನ್ನು ಬೆಳಕಿಗೆ ಹಿಡಿದರೆ ಎಲ್ಲವೂ ಕಾಣುತ್ತದೆ. ದಿನವೂ ಬಳಸುವ ತೂತು ಗುಂಡಗೆ ಉಳಿದಿರುವುದಿಲ್ಲ, ಎಳೆತದ ದಿಕ್ಕಿಗೆ ಮೊಟ್ಟೆಯಂತೆ ಉದ್ದವಾಗಿರುತ್ತದೆ. ಅದರ ಪಕ್ಕದಲ್ಲಿ ಬಕಲ್‌ನ ಚೌಕಟ್ಟು ಒತ್ತಿ ಒತ್ತಿ ಮೂಡಿಸಿದ ಅಡ್ಡಗೆರೆ ಇರುತ್ತದೆ, ಅಲ್ಲಿ ಚರ್ಮದ ಬಣ್ಣ ಕಪ್ಪಾಗಿರುತ್ತದೆ ಅಥವಾ ಮೇಲ್ಪದರ ಸಣ್ಣಗೆ ಬಿರಿದಿರುತ್ತದೆ. ಕೆಲವೊಮ್ಮೆ ಇಂತಹ ಎರಡು ಗೆರೆಗಳಿರುತ್ತವೆ, ಒಂದು ಹಳೆಯದು, ಮಾಸಿದ್ದು, ಇನ್ನೊಂದು ಅದರ ಪಕ್ಕದ ತೂತಿನ ಬಳಿ, ಹೊಸದು. ಒಂದೋ ಚರ್ಮ ಹಿಗ್ಗಿದೆ, ಇಲ್ಲವೇ ಮನುಷ್ಯ ದಪ್ಪವಾಗಿದ್ದಾನೆ ಅಥವಾ ತೆಳ್ಳಗಾಗಿದ್ದಾನೆ. ಹೊಸ ಗೆರೆಯ ತೂತನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಮಡಿಕೆಯಿಂದ ಆ ತೂತಿನ ನಡುವಿನವರೆಗೆ ಅಳೆಯಿರಿ. ಬಹಳ ದಿನ ಬಳಸಿದ ಬೆಲ್ಟ್ ಮೇಜಿನ ಮೇಲೆ ನೇರವಾಗಿ ಮಲಗುವುದಿಲ್ಲ, ಸೊಂಟದ ಇಳಿಜಾರಿಗೆ ಒಗ್ಗಿ ಬಿಲ್ಲಿನಂತೆ ಬಾಗಿರುತ್ತದೆ. ಅದನ್ನು ಎಳೆದು ನೇರ ಮಾಡಬೇಡಿ. ಬಟ್ಟೆ ಅಳೆಯುವ ಟೇಪನ್ನು ಪಟ್ಟಿಯ ಅಗಲದ ನಡುಗೆರೆಯ ಮೇಲೆ, ಬಾಗು ಹೋದಂತೆ ಹಾಯಿಸಿ. ‘ಹಳೆಯ ಬೆಲ್ಟ್ ಹಿಗ್ಗಿಬಿಟ್ಟಿದೆ, ಅದರ ಅಳತೆ ನಂಬುವುದು ಹೇಗೆ’ ಎಂದು ಬಹಳ ಮಂದಿ ಕೇಳುತ್ತಾರೆ. ಅದು ಎಷ್ಟೇ ಹಿಗ್ಗಿರಲಿ, ಈವತ್ತು ಅದು ನಿಮ್ಮ ಸೊಂಟದ ಸುತ್ತ ಹಿತವಾಗಿ ಕೂತಿದೆ ಎಂದಾದರೆ ಈವತ್ತಿನ ಆ ಉದ್ದವೇ ನಿಮಗೆ ಬೇಕಾದ ಉದ್ದ. ಅದು ಹೊಸದಾಗಿದ್ದಾಗ ಎಷ್ಟಿತ್ತು ಎಂಬುದು ಬೇಕಿಲ್ಲ. ಬೆಲ್ಟಿನ ಒಳಮೈಯಲ್ಲಿ ಅಚ್ಚು ಹಾಕಿರುವ ಅಂಕಿಯನ್ನು ಮಾತ್ರ ನಂಬಬೇಡಿ. ನಿಮಗೆ ಬೇಕಾದದ್ದು ನೀವು ಬಳಸುವ ತೂತಿನ ಅಳತೆ, ಅದು ಮಧ್ಯದ ತೂತೇ ಆಗಿರಬೇಕೆಂದಿಲ್ಲ.

ಹಾಗಾದರೆ ಪ್ಯಾಂಟಿನ 34 ಸುಳ್ಳೇ? ಪೂರ್ತಿ ಸುಳ್ಳಲ್ಲ, ಆದರೆ ಅದು ಬೇರೆಯದೇ ಸಂಗತಿಯನ್ನು ಹೇಳುತ್ತದೆ. ಪ್ಯಾಂಟಿನ ಅಂಕಿ ಸೊಂಟಪಟ್ಟಿಯ ಒಳಸುತ್ತಿಗೆ ಸಂಬಂಧಿಸಿದ್ದು, ಬೆಲ್ಟ್ ಓಡಾಡುವುದು ಅದರ ಹೊರಸುತ್ತಿನಲ್ಲಿ. ನಡುವೆ ಬಟ್ಟೆಯ ಮಡಿಕೆಗಳಿವೆ, ಅದರೊಳಗಿನ ಗಟ್ಟಿ ಅಸ್ತರಿ ಇದೆ, ಒಳಕ್ಕೆ ಸೇರಿಸಿದ ಅಂಗಿ ಇದೆ. ಇವೆಲ್ಲ ಸೇರಿದರೂ ಕೆಲವೇ ಮಿಲಿಮೀಟರ್, ಅದರಿಂದ ಏನಾದೀತು ಎನ್ನಿಸುವುದು ಸಹಜ. ಲೆಕ್ಕ ಹಾಕಿ ನೋಡಿ. ಸುತ್ತುವ ವಸ್ತು ಒಂದು ಮಿಲಿಮೀಟರ್ ಹೊರಕ್ಕೆ ಸರಿದರೆ ಸುತ್ತಳತೆ ಒಂದು ಮಿಲಿಮೀಟರ್ ಹೆಚ್ಚುವುದಿಲ್ಲ, ಎರಡು ಪೈಯಷ್ಟು, ಅಂದರೆ 6.28 ಮಿಲಿಮೀಟರ್ ಹೆಚ್ಚುತ್ತದೆ. ಸಣ್ಣ ಸೊಂಟಕ್ಕೂ ದೊಡ್ಡ ಸೊಂಟಕ್ಕೂ ಇದು ಒಂದೇ. ನಾಲ್ಕು ಮಿಲಿಮೀಟರ್ ಸರಿದರೆ 25 ಮಿಲಿಮೀಟರ್, ಹತ್ತಿರ ಹತ್ತಿರ ಒಂದು ಇಂಚು. ಬಟ್ಟೆಯ ದಪ್ಪ ಎರಡು ಮಿಲಿಮೀಟರ್, ಮೂರೂವರೆ ನಾಲ್ಕು ಮಿಲಿಮೀಟರ್ ದಪ್ಪದ ಬೆಲ್ಟಿನ ಅರ್ಧ ಇನ್ನೆರಡು. ಅಲ್ಲಿಗೆ ಒಂದು ಇಂಚು ಹೋಯಿತು.

ಇನ್ನೊಂದು ಇಂಚು ಹೋಗುವುದು ಲೇಬಲಿನಲ್ಲಿ. 34 ಎಂದು ಬರೆದಿರುವ ಪ್ಯಾಂಟನ್ನು ಗುಂಡಿ ಹಾಕಿ, ಮೇಜಿನ ಮೇಲೆ ಹರಡಿ, ಸೊಂಟಪಟ್ಟಿಯನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅಳೆದು ಎರಡರಿಂದ ಗುಣಿಸಿ. 34 ಬರುವುದು ಅಪರೂಪ, 35 ಅಥವಾ 36 ಬಂದರೆ ಆಶ್ಚರ್ಯ ಪಡಬೇಡಿ. ಕೊಳ್ಳುವವರಿಗೆ ತಾವು ತೆಳ್ಳಗಿದ್ದೇವೆ ಎಂಬ ಸಂತೋಷ ಸಿಗಲಿ ಎಂದು ಅಂಕಿಯನ್ನು ಕಡಿಮೆ ಬರೆಯುವ ರೂಢಿ ಸಿದ್ಧ ಉಡುಪಿನ ವ್ಯಾಪಾರದಲ್ಲಿ ಬೇರೂರಿದೆ. ಜೊತೆಗೆ ಪ್ಯಾಂಟ್ ಸೊಂಟದ ಅತಿ ಸಣ್ಣ ಜಾಗದಲ್ಲಿ ಕೂರದೆ ಹೊಕ್ಕುಳಿನ ಕೆಳಗೆ, ಮೈ ಅಗಲವಾಗುವ ಕಡೆ ಕೂರುತ್ತದೆ. ಈ ಎಲ್ಲ ಕಾರಣಗಳನ್ನೂ ಒಟ್ಟುಗೂಡಿಸಿಯೇ ‘ಪ್ಯಾಂಟಿನ ಅಳತೆಗೆ ಎರಡು ಸೇರಿಸಿ’ ಎಂಬ ಸೂತ್ರ ಹುಟ್ಟಿದ್ದು. ಅದು ಒಳ್ಳೆಯ ಸೂತ್ರ, ಕೈಯಲ್ಲಿ ಬೇರೇನೂ ಇಲ್ಲದಾಗ ಅದನ್ನೇ ಹಿಡಿಯಿರಿ. ನಿಮ್ಮ ವಿಷಯದಲ್ಲೂ 34ಕ್ಕೆ ಎರಡು ಸೇರಿ 36 ಬಂದಿದೆ. ಆದರೆ ಅಳೆಯುವುದಕ್ಕೆ ಹಳೆಯ ಬೆಲ್ಟ್ ಇರುವಾಗ ಸೂತ್ರದ ಮೊರೆ ಹೋಗುವ ಅಗತ್ಯವಿಲ್ಲ.

ಹಳೆಯ ಬೆಲ್ಟ್ ಇಲ್ಲದವರು ತಾವು ಹೆಚ್ಚಾಗಿ ಹಾಕುವ ಪ್ಯಾಂಟ್ ತೊಟ್ಟು, ಅಂಗಿ ಒಳಗೆ ಸೇರಿಸುವ ಅಭ್ಯಾಸವಿದ್ದರೆ ಸೇರಿಸಿಕೊಂಡು, ಟೇಪನ್ನು ಬೆಲ್ಟಿನಂತೆಯೇ ಪ್ಯಾಂಟಿನ ಲೂಪುಗಳ ಒಳಗಿನಿಂದ ಹಾಯಿಸಿ ಅಳೆಯಬೇಕು. ಉಸಿರು ಎಳೆದು ಹೊಟ್ಟೆ ಒಳಸೇರಿಸಿ ಅಳೆಯುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ, ಆ ಹೊಟ್ಟೆಯನ್ನು ದಿನವಿಡೀ ಹಾಗೆಯೇ ಹಿಡಿದುಕೊಂಡು ಇರಲು ಆಗುವುದಿಲ್ಲ. ನಿಂತು ಒಮ್ಮೆ, ಕುರ್ಚಿಯಲ್ಲಿ ಕುಳಿತು ಒಮ್ಮೆ ಅಳೆಯಿರಿ. ಕುಳಿತಾಗ ಸುತ್ತಳತೆ ಹೆಚ್ಚುತ್ತದೆ. ನಿಂತಾಗಿನ ಅಳತೆಗೆ ಬೆಲ್ಟಿನ ದಪ್ಪಕ್ಕಾಗಿ ಅರ್ಧ ಇಂಚು ಸೇರಿಸಿದರೆ ನಿಮ್ಮ ಮಧ್ಯದ ತೂತು ಎಲ್ಲಿರಬೇಕು ಎಂಬುದು ಗೊತ್ತಾಗುತ್ತದೆ, ಕುಳಿತಾಗಿನ ಅಳತೆ ಅದರ ಹೊರಗಿನ ಒಂದು ತೂತಿನ ಒಳಗೇ ಬರಬೇಕು. ಹೊಟ್ಟೆ ಮುಂದೆ ಬಂದಿರುವವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ, ಅವರು ಹೊಕ್ಕುಳಿನ ಮೇಲೆ ಅಳೆದು ಕೊಂಡರೆ ಬೆಲ್ಟ್ ಖಂಡಿತ ಉದ್ದವಾಗುತ್ತದೆ. ಎಲ್ಲಿ ಕಟ್ಟುತ್ತೀರೋ ಅಲ್ಲಿಯೇ ಅಳೆಯಿರಿ.

ಮಧ್ಯದ ತೂತನ್ನೇ ಗುರಿಯಾಗಿಸಿಕೊಳ್ಳುವುದು ಅಂದಕ್ಕಾಗಿ ಮಾತ್ರವಲ್ಲ. ಮಧ್ಯದಲ್ಲಿದ್ದರೆ ಎರಡೂ ಕಡೆ ಎರಡೆರಡು ತೂತು ಉಳಿದಿರುತ್ತವೆ. ಮೈ ಹೆಚ್ಚಿದರೆ ಹೊರಗಿನದು, ಚರ್ಮ ಹಿಗ್ಗಿದರೆ ಒಳಗಿನದು. ಹೊಸ ಚರ್ಮ ಬಳಸುತ್ತಾ ಹೋದಂತೆ ಸ್ವಲ್ಪ ಹಿಗ್ಗುವುದು ಅದರ ಸ್ವಭಾವ. ಬಾಲದ ಉದ್ದವೂ ಆಗ ಸರಿಯಾಗಿ ಬರುತ್ತದೆ. ಬಕಲ್ ದಾಟಿದ ತುದಿ ಬೆಲ್ಟಿನದೇ ಕುಣಿಕೆಯನ್ನು ಹೊಕ್ಕು, ಪ್ಯಾಂಟಿನ ಮೊದಲ ಲೂಪಿನೊಳಗೆ ತಲೆ ಮರೆಸಿಕೊಳ್ಳಬೇಕು. ಅಲ್ಲಿಗೆ ಮುಟ್ಟದಿದ್ದರೆ ಹೊರಕ್ಕೆ ಚಾಚಿಕೊಂಡು ನಿಲ್ಲುತ್ತದೆ, ಎರಡನೆಯ ಲೂಪನ್ನೂ ದಾಟಿದರೆ ಯಾರದೋ ಬೆಲ್ಟ್ ಹಾಕಿಕೊಂಡಂತೆ ಕಾಣುತ್ತದೆ.

ಬಿಗಿಯ ವಿಷಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬೆಲ್ಟ್ ಪ್ಯಾಂಟನ್ನು ಜಾರದಂತೆ ಹಿಡಿಯಬೇಕೇ ಹೊರತು ಹೊಟ್ಟೆಯನ್ನು ಕಟ್ಟಿಹಾಕಬಾರದು. ಬಹಳ ಬಿಗಿಯಾಗಿ ಕಟ್ಟಿದರೆ ಹೊಟ್ಟೆಯೊಳಗಿನ ಒತ್ತಡ ಏರಿ, ಎದೆಯುರಿ ಇರುವವರಿಗೆ ಆಮ್ಲ ಮೇಲಕ್ಕೆ ನುಗ್ಗುವುದು ಹೆಚ್ಚಾಗುತ್ತದೆ. ಇನ್ನೊಂದು ತೊಂದರೆ ಹೆಚ್ಚಿನವರಿಗೆ ಗೊತ್ತಿಲ್ಲ. ತೊಡೆಯ ಹೊರಮೈಗೆ ಸ್ಪರ್ಶಜ್ಞಾನ ಕೊಡುವ ನರ ಸೊಂಟದ ಮೂಳೆಯ ಮುಂಭಾಗದ ಹತ್ತಿರ ಹಾದುಹೋಗುತ್ತದೆ. ಬಿಗಿ ಬೆಲ್ಟ್ ಅಲ್ಲಿ ಒತ್ತುತ್ತಲೇ ಇದ್ದರೆ ತೊಡೆಯ ಹೊರಭಾಗ ಜೋಮು ಹಿಡಿಯುತ್ತದೆ, ಉರಿಯುತ್ತದೆ, ಸೂಜಿ ಚುಚ್ಚಿದಂತಾಗುತ್ತದೆ. ಬೆನ್ನಿನದೋ ಮಂಡಿಯದೋ ಸಮಸ್ಯೆ ಎಂದುಕೊಂಡು ಅಲೆಯುವ ಮೊದಲು ಬೆಲ್ಟನ್ನು ಒಂದು ತೂತು ಸಡಿಲಿಸಿ ನೋಡುವುದು ಒಳ್ಳೆಯದು. ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ, ಬೆಲ್ಟ್ ಬಿಗಿಯಾಗಿ ಕಟ್ಟುವ ಅಭ್ಯಾಸವಿತ್ತು ಎಂಬುದನ್ನೂ ಹೇಳಿ. ಪರೀಕ್ಷೆ ಸುಲಭ: ಕುಳಿತಾಗ ಬೆಲ್ಟಿಗೂ ಹೊಟ್ಟೆಗೂ ನಡುವೆ ಎರಡು ಬೆರಳು ನಿರಾಯಾಸವಾಗಿ ತೂರಬೇಕು. ನಿಮ್ಮ 34ರ ಬೆಲ್ಟ್ ಇದರಲ್ಲಿ ಗೆಲ್ಲುವುದಿಲ್ಲ.

ಬೆಲ್ಟಿನ ಮೇಲೆ ಸೆಂಟಿಮೀಟರಿನಲ್ಲಿ ಅಳತೆ ಬರೆದಿದ್ದರೆ ನಿಮ್ಮ ಇಂಚಿನ ಅಳತೆಯನ್ನು 2.54ರಿಂದ ಗುಣಿಸಿ. ನಿಮ್ಮ 36½ ಇಂಚು ಎಂದರೆ 92.7 ಸೆಂಟಿಮೀಟರ್. ಆದರೆ ಅಂಗಡಿಯಲ್ಲಿ ಸಿಗುವುದು 85, 90, 95, 100 ಹೀಗೆ ಐದೈದರ ಲೆಕ್ಕದಲ್ಲಿ. 90 ಕೊಂಡರೆ ಹೊರಗಿನಿಂದ ಎರಡನೆಯ ತೂತು ನಿಮ್ಮದು, 95 ಕೊಂಡರೆ ಒಳಗಿನಿಂದ ಎರಡನೆಯದು. ಎರಡರ ನಡುವೆ ಸಿಕ್ಕಿಬಿದ್ದಾಗ ದೊಡ್ಡದನ್ನು ಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ, ಉದ್ದವಾದದ್ದನ್ನು ಸರಿಪಡಿಸಬಹುದು, ಗಿಡ್ಡವಾದದ್ದನ್ನು ಬೆಳೆಸಲಾಗದು ಎಂಬ ಕಾರಣಕ್ಕೆ. ಮಾತು ನಿಜ. ಆದರೂ ತೂಕ ವರ್ಷಗಳಿಂದ ಒಂದೇ ಸಮನಾಗಿರುವವರಿಗೆ, ಮೆತ್ತಗಿನ ಚರ್ಮದ ಬೆಲ್ಟಿಗೆ ನಾನು ಚಿಕ್ಕದನ್ನೇ ಹೇಳುತ್ತೇನೆ. ಅದು ಹಿಗ್ಗುವುದು ಖಂಡಿತ, ಹಿಗ್ಗಿದಾಗ ಒಳಗೆ ತೂತು ಉಳಿದಿರಬೇಕು.

ಇಷ್ಟೂ ಹೇಳಿದ್ದು ತೂತಿರುವ ಬೆಲ್ಟಿನ ಮಾತು. ಬಟ್ಟೆಯನ್ನೋ ಚರ್ಮದ ಎಳೆಗಳನ್ನೋ ಹೆಣೆದು ಮಾಡಿದ ಬೆಲ್ಟಿನಲ್ಲಿ ಬಕಲ್‌ನ ಕಡ್ಡಿ ಎಲ್ಲಿ ಬೇಕಾದರೂ ತೂರುತ್ತದೆ, ಜೊತೆಗೆ ಹೆಣಿಗೆ ಚೆನ್ನಾಗಿ ಹಿಗ್ಗುತ್ತದೆ. ಅಲ್ಲಿ ಅಳತೆಯನ್ನು ಮೇಲಕ್ಕೆ ಏರಿಸಬೇಡಿ. ತೂತೇ ಇಲ್ಲದ, ಹಿಂಬದಿಯಲ್ಲಿ ಹಲ್ಲಿನ ಸಾಲಿದ್ದು ಎಳೆದರೆ ಟಕ್ ಟಕ್ ಎಂದು ಹಿಡಿದುಕೊಳ್ಳುವ ಬೆಲ್ಟುಗಳು ಈಗ ಬಹಳ ಬಳಕೆಯಲ್ಲಿವೆ. ಅದರ ಹಲ್ಲುಗಳ ಅಂತರ ಸುಮಾರು ಕಾಲು ಇಂಚು, ಹಾಗಾಗಿ ಊಟಕ್ಕೆ ಮೊದಲು ಒಂದು, ಊಟವಾದ ಮೇಲೆ ಒಂದು ಎಂಬಷ್ಟು ಸೂಕ್ಷ್ಮವಾಗಿ ಹೊಂದಿಸಿಕೊಳ್ಳಬಹುದು. ದಿನದಲ್ಲಿ ಹೊಟ್ಟೆ ಉಬ್ಬರಿಸಿ ಇಳಿಯುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ. ಇವು ಬೇಕೆಂದೇ ಉದ್ದವಾಗಿ ಬರುತ್ತವೆ, ಬಕಲ್ ತೆಗೆದು ಆ ತುದಿಯನ್ನು ಕತ್ತರಿಸಿಕೊಳ್ಳಬೇಕು. ಒಮ್ಮೆಗೇ ಕತ್ತರಿಸಬೇಡಿ. ಬೇಕಾದುದಕ್ಕಿಂತ ಒಂದು ಇಂಚು ಉದ್ದ ಬಿಟ್ಟು ಕತ್ತರಿಸಿ, ಒಂದು ದಿನ ಹಾಕಿ ಓಡಾಡಿ, ಆಮೇಲೆ ಉಳಿದದ್ದನ್ನು ತೆಗೆಯಿರಿ.

ಅಗಲವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ: ಕಚೇರಿಯ ಪ್ಯಾಂಟಿಗೆ 30ರಿಂದ 35 ಮಿಲಿಮೀಟರ್, ಜೀನ್ಸಿಗೆ 38ರಿಂದ 40. ಲೂಪಿನ ಒಳ ಎತ್ತರ ಅಳೆದುಕೊಂಡು ಅದಕ್ಕಿಂತ ತುಸು ಕಡಿಮೆ ಅಗಲದ್ದನ್ನು ಕೊಳ್ಳಿ.

ಉಡುಪಿನ ಮೇಲೆ ಬೆಲ್ಟ್ ಕಟ್ಟುವ ಹೆಣ್ಣುಮಕ್ಕಳಿಗೆ ಪ್ಯಾಂಟಿನ ಸೂತ್ರ ಉಪಯೋಗಕ್ಕೆ ಬರುವುದಿಲ್ಲ. ನಡುವಿನ ಸಣ್ಣ ಜಾಗದಲ್ಲಿ ಕಟ್ಟುವುದಕ್ಕೂ ಸೊಂಟದ ಕೆಳಗೆ ಇಳಿಬಿಡುವುದಕ್ಕೂ ಹಲವು ಇಂಚುಗಳ ವ್ಯತ್ಯಾಸವಿರುತ್ತದೆ, ಒಂದೇ ಬೆಲ್ಟ್ ಎರಡಕ್ಕೂ ಆಗುವುದು ಕಷ್ಟ. ಯಾವ ಉಡುಪಿನ ಮೇಲೆ, ಯಾವ ಜಾಗದಲ್ಲಿ ಎಂದು ಮೊದಲೇ ನಿರ್ಧರಿಸಿ, ಆ ಉಡುಪು ತೊಟ್ಟೇ ಅಳೆಯಬೇಕು. ಇನ್ನು ಯಾರಿಗಾದರೂ ಗೊತ್ತಾಗದಂತೆ ಉಡುಗೊರೆ ಕೊಡುವವರು ಅವರ ಬೆಲ್ಟ್ ಗೂಟಕ್ಕೆ ತೂಗಿರುವಾಗ ಒಂದು ದಾರವನ್ನು ಮಡಿಕೆಯಿಂದ ಮೊಟ್ಟೆಯಾಕಾರದ ತೂತಿನವರೆಗೆ ಹಿಡಿದು ಗಂಟು ಹಾಕಿಕೊಂಡರೆ ಸಾಕು.

ಕೊನೆಗೆ ನಿಮ್ಮ ಬಳಿ ಉಳಿದಿರುವ ಎರಡು ಬೆಲ್ಟುಗಳ ಮಾತು. 34ರದ್ದನ್ನು ಹಿಂದಿರುಗಿಸಲು ಸಾಧ್ಯವಿದ್ದರೆ ಹಿಂದಿರುಗಿಸಿ. ತುದಿಯ ಕಡೆ ಇನ್ನೊಂದು ತೂತು ಹೊಡೆದರೆ ಬಾಲ ಗಿಡ್ಡವಾಗಿ ಲೂಪಿಗೆ ಮುಟ್ಟುವುದೇ ಇಲ್ಲ. 40ರದ್ದನ್ನು ಉಳಿಸಿಕೊಳ್ಳಬಹುದು, ಆದರೆ ಮೊಳೆ ಸುತ್ತಿಗೆ ಹಿಡಿದು ತೂತು ಮಾಡಲು ಹೋಗಬೇಡಿ. ಒಬ್ಬರು ನನ್ನಲ್ಲಿಗೆ ತಂದಿದ್ದ ಒಳ್ಳೆಯ ಚರ್ಮದ ಬೆಲ್ಟ್ ನೆನಪಿದೆ. ಮೊಳೆ ಚರ್ಮವನ್ನು ಕತ್ತರಿಸುವುದಿಲ್ಲ, ಸೀಳಿಕೊಂಡು ಹೋಗುತ್ತದೆ. ಆ ಸೀಳು ದಿನದ ಎಳೆತಕ್ಕೆ ಪಕ್ಕದ ತೂತಿನವರೆಗೆ ಹರಿದು, ಎರಡು ತೂತು ಸೇರಿ ಒಂದು ಉದ್ದನೆಯ ಬಾಯಿಯಾಗಿತ್ತು. ಆ ಬೆಲ್ಟಿಗೆ ನನ್ನಿಂದ ಏನೂ ಮಾಡಲಾಗಲಿಲ್ಲ. ತೂತು ಹೊಡೆಯಲೇಬೇಕಾದರೆ ಗುಂಡಗೆ ಚರ್ಮ ಕತ್ತರಿಸಿ ತೆಗೆಯುವ ಪಂಚ್ ಬಳಸಿ, ಉಳಿದ ತೂತುಗಳಷ್ಟೇ ಅಂತರದಲ್ಲಿ, ಅದೇ ನಡುಗೆರೆಯ ಮೇಲೆ, ಒಂದೇ ಒಂದು.

ನಿಮಗೆ ಒಂದು ತೂತು ಸಾಲದು, ಬಾಲವೂ ಉದ್ದ. ಹಾಗಾಗಿ ಕತ್ತರಿಸುವುದೇ ಸರಿ, ಅದೂ ಬಕಲ್‌ನ ಕಡೆಯಿಂದ, ಎಂದೂ ತುದಿಯ ಕಡೆಯಿಂದಲ್ಲ. ಮಡಿಕೆಯ ಒಳಗೆ ನೋಡಿ. ತಿರುಪು ಇದ್ದರೆ ಬಿಚ್ಚಿ ಮನೆಯಲ್ಲಿಯೇ ಮಾಡಬಹುದು, ಹೊಲಿಗೆ ಇದ್ದರೆ ಚರ್ಮದ ಕೆಲಸ ಬಲ್ಲವರಿಗೆ ಕೊಡಿ. ಅವರು ಹೊಲಿಗೆ ಬಿಚ್ಚಿ, ಕತ್ತರಿಸಿ, ಬಕಲ್‌ನ ಕಡ್ಡಿಗೆ ಹೊಸ ಸೀಳುಗಂಡಿ ತೆಗೆದು, ಮಡಚುವ ಜಾಗದಲ್ಲಿ ಚರ್ಮವನ್ನು ತೆಳುವಾಗಿ ಹೆರೆದು ಮತ್ತೆ ಹೊಲಿಯುತ್ತಾರೆ. ಕತ್ತರಿಸಿದ ಅಂಚಿನಲ್ಲಿ ಒಂದೇ ಚರ್ಮ ಕಂಡರೆ ಈ ಶ್ರಮಕ್ಕೆ ಅರ್ಥವಿದೆ. ರಟ್ಟಿನಂತಹ ಪದರಗಳನ್ನು ಅಂಟಿಸಿ ಮೇಲೆ ಬಣ್ಣದ ಹೊದಿಕೆ ಕೊಟ್ಟಿದ್ದರೆ ಆ ಹೊಸ ಮಡಿಕೆ ಬೇಗ ಬಿರಿಯುತ್ತದೆ, ಬಿಟ್ಟುಬಿಡಿ.

ಕೊಡುವಾಗ ‘36 ಮಾಡಿಕೊಡಿ’ ಎನ್ನಬೇಡಿ. ಮೂರೂವರೆ ಇಂಚು ತೆಗೆಯಿರಿ ಎಂದು ಹೇಳಿ. 40ರಲ್ಲಿ ಮೂರೂವರೆ ಹೋದರೆ ಮಧ್ಯದ ತೂತು ನೇರವಾಗಿ ನಿಮ್ಮ 36½ರ ಮೇಲೆ ಬಂದು ಕೂರುತ್ತದೆ. ಅಂಗಡಿಯಲ್ಲಿ ಸಿಗುವ ಯಾವ 36ರ ಬೆಲ್ಟೂ ನಿಮಗೆ ಅಷ್ಟು ಸರಿಯಾಗಿ ಕೂರಲಾರದು.